ಐಬು ಹೇಳದೆ ಮಾರಿದ ಆಟ

ಹಸನಬೀಯ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಕುಷ್ಟಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಈ ಕಡೆ ಕೂತು ಬೈಕಿನ ಸೀಟಿಗೆ, ಟ್ರ್ಯಾಕ್ಟರ್ ಸೀಟಿಗೆ ಕವರ್ ಹೊಲಿಯುತ್ತೇನೆ. ಆ ಕಡೆಯಿಂದ ವರ್ಷಗಟ್ಟಲೆ ಟಿವಿ ಗೇಮಿನ ಸದ್ದು ಬರುತ್ತಿತ್ತು. ಬಂದೂಕು, ಕಾರು, ನಡುನಡುವೆ ಹುಡುಗರ ಬೈಗುಳ, ಬೈಗುಳ ಕಿವಿಗೆ ಬಿದ್ದ ಕೂಡಲೇ ಹಸನಬೀ ಸ್ವಿಚ್ ಆರಿಸಿದ ಟಕ್ ಎಂಬ ಸದ್ದು. ಆಮೇಲೆ ಗೋಗರೆಯುವುದು.

"ಇನ್ನ ಮ್ಯಾಲೆ ಬೈಯಂಗಿಲ್ರಿ ಅಮ್ಮಾ, ಚಾಲೂ ಮಾಡ್ರಿ."

"ಯಾರಿಗೆ ಬೈದಿ, ಅವನ ಕಾಲು ಹಿಡಿ. ಆಮ್ಯಾಲೆ ಚಾಲೂ."

ಹಿಡಿಯುತ್ತಿದ್ದರು. ಈಗ ಊರಲ್ಲಿ ಅಂಗಡಿ, ಲಾರಿ, ಹೊಲ ನಡೆಸುತ್ತಿರುವ ಎಷ್ಟೋ ಗಂಡಸರು ಆ ಅಂಗಡಿಯಲ್ಲಿ ಒಬ್ಬರ ಕಾಲು ಒಬ್ಬರು ಹಿಡಿದು ಬೆಳೆದವರು.

ಅಂಗಡಿ ಹಾಕಿದವನು ಆಕೆಯ ಗಂಡ ಉಮರಸಾಬ. ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದವನು ಒಮ್ಮೆ ಹೈದರಾಬಾದಿಗೆ ಸಾಮಾನು ತರಲು ಹೋಗಿ, ಟಿವಿಗೆ ಹಚ್ಚಿ ಆಡುವ ಗೇಮಿನ ಮಿಷನ್ನು ಮತ್ತು ಒಂದು ಚೀಲ ಕ್ಯಾಸೆಟ್ಟು ಹೊತ್ತು ತಂದ. ರಿಪೇರಿಗಿಂತ ಅದೇ ಚೆನ್ನಾಗಿ ನಡೆಯಿತು. ನಡೆಯುತ್ತಿರುವಾಗಲೇ ಎದೆನೋವು ಬಂದು ತೀರಿಕೊಂಡ. ಮಗಳು ಮೆಹಜಬೀನ ಆಗ ಸಾಲೆಗೆ ಹೋಗುವ ಹುಡುಗಿ. ಗಂಡ ಸತ್ತ ಹೆಂಗಸು ಮನೆಯೊಳಗೇ ಇರಬೇಕಾದ ದಿನಗಳನ್ನು ಮುಗಿಸಿಕೊಂಡು ಬಂದ ಹಸನಬೀ, ಅಂಗಡಿಯ ಬಾಗಿಲು ತೆಗೆದು ಗಂಡನ ಸ್ಟೂಲಿನ ಮೇಲೆ ಕೂತಳು.

ಓಣಿ ಸುಮ್ಮನಿರಲಿಲ್ಲ. ಒಬ್ಬ ನನ್ನ ಅಂಗಡಿಯಲ್ಲೇ ನಿಂತು, "ಗಂಡ ಸತ್ತಾಕಿ ಗಂಡ ಹುಡುಗ್ರನ್ನ ಕೂಡಿಸ್ಕೊಂಡು ಆಟ ಆಡಸ್ತಾಳಲ್ಲೋ ದೊಡ್ಡಬಸಪ್ಪ, ಬಾಜೂ ಮನಷ್ಯಾ ನೀನರ ಹೇಳಬಾರದ?" ಎಂದ. ಅವನ ಬೈಕಿನ ಸೀಟು ಆಗ ನನ್ನ ಮುಂದೆ ಬಿಚ್ಚಿ ಬಿದ್ದಿತ್ತು. ನನಗೆ ಸಿಟ್ಟು ಬಂದರೆ ತಡೆಯುವುದಿಲ್ಲ. ಸೀಟು ಒಳಗೆಸೆದು, "ಆಕಿ ಕಡೆ ಹೋಗಿ ತಪ್ಪಾತು ಅಂದು ಬಾ, ಆಮ್ಯಾಲೆ ಸೀಟು ಕೊಡ್ತೀನಿ" ಎಂದೆ. ಅವನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಮನೆಗೆ ಹೋದ. ಮರುದಿನ ಹಸನಬೀಯ ಬಾಗಿಲಲ್ಲಿ ತಲೆ ಕೆರೆಯುತ್ತ ನಿಂತಿದ್ದ. ಆಕೆ ಅವನಿಗೆ ಚಹಾ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಹತ್ತಿರ ಬಂದು, "ಬಸಣ್ಣ, ನನ್ನ ಸಲುವಾಗಿ ಗಿರಾಕಿ ಕಳಕೊಬ್ಯಾಡಪಾ. ಅಂಥಾವರ ಸೀಟಿಗೆ ಎರಡ ಮೊಳಿ ಜಾಸ್ತಿ ಹೊಡಿ, ಸಾಕು" ಎಂದಳು.

ಹುಡುಗರ ಆಟವೆಲ್ಲ ಆಕೆಗೆ ಬೇಸರ. ಆಕೆ ಆಡುತ್ತಿದ್ದುದು ಒಂದೇ ಆಟ, ಮಗಳ ಜೊತೆ. ಅದರ ಇಂಗ್ಲಿಷ್ ಹೆಸರು ಅಂಗಡಿಯಲ್ಲಿ ಯಾರಿಗೂ ಬಾಯಿಗೆ ಬರಲಿಲ್ಲ, ಎಲ್ಲರೂ ತತ್ತಿ ಆಟ ಎನ್ನುತ್ತಿದ್ದರು. ಎರಡು ಕೋಳಿಗಳು ಒಂದು ಕೋಲಿನ ಎರಡು ತುದಿ ಹೊತ್ತಿವೆ. ಕೋಲಿನ ನಡುವೆ ಮೊಟ್ಟೆ ತುಂಬಿದ ಬುಟ್ಟಿ ತೂಗುತ್ತದೆ. ಕೆಳಗೆ ಹೊಳೆ, ಮೇಲೆ ಹಗ್ಗದ ಸೇತುವೆ. ಒಂದು ಕೋಳಿ ಒಬ್ಬರದು, ಇನ್ನೊಂದು ಇನ್ನೊಬ್ಬರದು. ಇಬ್ಬರೂ ಕೂಡಿಯೇ ಹೆಜ್ಜೆ ಹಾಕಬೇಕು. ಒಂದು ಮುಂದೆ ಹೋದರೂ ಬುಟ್ಟಿ ವಾಲುತ್ತದೆ, ತತ್ತಿ ನೀರಿಗೆ. ಹುಡುಗರಿಗೆ ಅಷ್ಟು ತಾಳ್ಮೆ ಇಲ್ಲ, ಜಗಳ ಬಿದ್ದು ಬಿಡುತ್ತಿದ್ದರು. ತಾಯಿ ಮಗಳು ಮಾತ್ರ ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಭುಜಕ್ಕೆ ಭುಜ ಹಚ್ಚಿ ಕೂತು ಆಡುತ್ತಿದ್ದರು. ಗೋಡೆಯ ಈ ಕಡೆ ನನಗೆ ಕೇಳುತ್ತಿದ್ದುದು ಮೆಹಜಬೀನಳ ದನಿ. "ನಿಂದ್ರು ಅಮ್ಮಾ. ಹಾಂ, ಈಗ ಬಾ. ಅವಸರ ಮಾಡಬ್ಯಾಡ."

ಮೆಹಜಬೀನಳನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟರು. ಗಂಡ ಅಸ್ಲಮ ಭತ್ತ ಕೊಯ್ಯುವ ಮಿಷನ್ನಿನ ಡ್ರೈವರು, ಒಳ್ಳೆಯವನು. ಅಷ್ಟರಲ್ಲಿ ಎಲ್ಲರ ಕೈಗೆ ಮೊಬೈಲು ಬಂದು ಹಸನಬೀಯ ಅಂಗಡಿಗೆ ಹುಡುಗರು ಬರುವುದು ನಿಂತಿತ್ತು. ಆಕೆ ಅದೇ ಸ್ಟೂಲಿನ ಮೇಲೆ ಕೂತು ಸೀರೆಗೆ ಫಾಲ್ ಹಚ್ಚತೊಡಗಿದಳು. ಮಿಷನ್ನು ಮಾತ್ರ ಮಾರಲಿಲ್ಲ. ಮಗಳು ತವರಿಗೆ ಬಂದಾಗ ಮೇಲೆ ಹೊದಿಸಿದ ಬಟ್ಟೆ ತೆಗೆದು ಧೂಳು ಊದಿ ಹಚ್ಚುತ್ತಿದ್ದಳು.

ಮೊಮ್ಮಗ ತಾಹೇರ ಕೂರುವಂತಾದ ಮೇಲೆ ಅವನೂ ನಡುವೆ ಬಂದು ಕೂತ. ಅವನಿಗೂ ರಿಮೋಟು ಬೇಕು. ಅಂಗಡಿ ಜೋರಾಗಿ ನಡೆಯುವ ಕಾಲದಿಂದ ಅಲ್ಲೊಂದು ರೂಢಿ ಇತ್ತು. ಅಣ್ಣನ ಜೊತೆ ಬಂದ ಸಣ್ಣ ಕೂಸು ನನಗೂ ಬೇಕೆಂದು ಅತ್ತರೆ, ಹಸನಬೀ ವಾಯರು ಕಡಿದುಹೋದ ಒಂದು ಕೆಟ್ಟ ರಿಮೋಟನ್ನು ಅದರ ಕೈಗೆ ಕೊಟ್ಟು, ವಾಯರಿನ ತುದಿಯನ್ನು ಚಾಪೆಯ ಕೆಳಗೆ ಸೇರಿಸುತ್ತಿದ್ದಳು. ಕೂಸು ಗುಂಡಿ ಒತ್ತುತ್ತದೆ, ಟಿವಿಯಲ್ಲಿ ಅಣ್ಣನ ಕಾರು ಓಡುತ್ತದೆ, ಕೂಸು ತಾನೇ ಓಡಿಸಿದೆ ಎಂದು ಕುಣಿಯುತ್ತದೆ. ಹುಡುಗರು ಅದಕ್ಕೆ ಸುಳ್ಳು ರಿಮೋಟು ಅನ್ನುತ್ತಿದ್ದರು. ತಾಹೇರನಿಗೆ ಸಿಕ್ಕಿದ್ದೂ ಅದೇ. ತಾಯಿ, ಅಜ್ಜಿ ಕೂಡಿ ಬುಟ್ಟಿ ದಾಟಿಸಿದ ಕೂಡಲೇ ಅವನು ಎದ್ದು ನನ್ನ ಅಂಗಡಿಗೆ ಓಡಿ ಬರುತ್ತಿದ್ದ.

"ಮುತ್ಯಾ, ನಾ ತತ್ತಿ ಒಯ್ದೆ."

"ಎಲ್ಲಿಗೆ ಒಯ್ದೆಪಾ ಸಾವಕಾರ?"

"ಆ ಕಡೆ."

ಹೋದ ಮಳೆಗಾಲದಲ್ಲಿ ಮರಳಿಯಲ್ಲಿ ಡೆಂಗಿ ಬಂತು. ಮೊದಲು ಸಾದಾ ಜ್ವರ ಅಂದರು, ಆಮೇಲೆ ಗಂಗಾವತಿಯ ದವಾಖಾನೆಗೆ ಒಯ್ದರು. ತಾಹೇರ ಅಲ್ಲೇ ತೀರಿಕೊಂಡ. ಮಣ್ಣಿಗೆ ನಾನೂ ಹೋಗಿದ್ದೆ. ಅಷ್ಟು ಸಣ್ಣ ಬಟ್ಟೆಯ ಗಂಟನ್ನು ಗಂಡಸರು ಕೈಯಿಂದ ಕೈಗೆ ಕೊಡುವುದನ್ನು ನೋಡಿ ನಿಲ್ಲಲಾಗದೆ ನಾನು ರಸ್ತೆಗೆ ಬಂದೆ.

ಅದಾದ ಮೇಲೆ ಮೆಹಜಬೀನ ಮಾತು ಬಿಟ್ಟಳು. ಅಳುವುದನ್ನೂ ಬಿಟ್ಟಳು. ಅಸ್ಲಮ ಆಕೆಯನ್ನು ಕುಷ್ಟಗಿಗೆ ಕರೆದುಕೊಂಡು ಬಂದ. "ಇಲ್ಲೇ ಇರಲಿ ಅತ್ತೆ. ಅಲ್ಲಿ ಮನ್ಯಾಗ ಅವನ ಚಪ್ಪಲ ಹಿಡ್ಕೊಂಡು ಕುಂದ್ರತಾಳ, ನಾ ಕೆಲಸಕ್ಕ ಹ್ಯಾಂಗ ಹೋಗ್ಲಿ?" ಎಂದು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ಕೊಪ್ಪಳದ ಡಾಕ್ಟರಿಗೆ ತೋರಿಸಿದರು. ಅವರು ಗುಳಿಗೆ ಕೊಟ್ಟು, "ಮೊದಲು ಆಕೆಗೆ ಏನು ಇಷ್ಟ ಇತ್ತೋ ಅದನ್ನು ಕೈಗೆ ಕೊಟ್ಟು ನೋಡಿ. ಒತ್ತಾಯ ಮಾಡಬೇಡಿ" ಅಂದರಂತೆ.

ಬಸ್ಸಿಳಿದ ಹಸನಬೀ ಮನೆಗೂ ಹೋಗದೆ ನೇರ ನನ್ನ ಅಂಗಡಿಗೆ ಬಂದಳು. "ಬಸಣ್ಣ, ತತ್ತಿ ಆಟ ಹಚ್ಚಬೇಕು."

ಮಿಷನ್ನು ಹಚ್ಚಿದರೆ ದೀಪ ಹತ್ತಲಿಲ್ಲ. ಮಳೆಗಾಲದಲ್ಲಿ ಕರೆಂಟು ಜಾಸ್ತಿ ಬಂದು ಓಣಿಯ ಎಷ್ಟೋ ಟಿವಿ ಸುಟ್ಟಿದ್ದವು, ಇದೂ ಸುಟ್ಟಿತ್ತು. ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಕೊಪ್ಪಳ, ಗಂಗಾವತಿ ಎರಡೂ ಕಡೆ ತಿರುಗಿದೆ. ಒಬ್ಬ ರಿಪೇರಿಯವನು, "ಯಜಮಾನ್ರ, ಇದನ್ನ ಮ್ಯೂಜಿಯಂನ್ಯಾಗ ಇಡ್ರಿ" ಎಂದು ನಕ್ಕ. ಅವನ ಟೇಬಲ್ಲಿನ ಮೇಲಿದ್ದ ಸ್ಕ್ರೂ ಡಬ್ಬಿ ನೆಲಕ್ಕೆ ಬಿತ್ತು, ನನ್ನ ಕೈ ತಗುಲಿಯೇ ಬಿತ್ತು. ಆಮೇಲೆ ಕೂತು ಆರಿಸಿ ಕೊಟ್ಟೆ.

ಕೊನೆಗೆ ನೆನಪಾದವನು ಶಾಹೀದ. ಅವನೂ ಹಸನಬೀಯ ಅಂಗಡಿಯಲ್ಲಿ ಬೆಳೆದವನೇ, ಈಗ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನೂ ಹಸನಬೀಯೂ ಹೋಗಿ ಹೇಳಿದ ವಿಷಯ ಕೇಳಿ, ಕಂಪ್ಯೂಟರಿನಲ್ಲಿ ಹುಡುಕಿ, "ಅಮ್ಮಾ, ಅದ ಆಟ ಈಗ ಹೊಸಾದಾಗಿ ಬಂದೈತ್ರಿ. ಕ್ಯಾಸೆಟ್ ಇಲ್ಲ, ಆನ್‌ಲೈನ್ ಅಂಗಡ್ಯಾಗ ಸಿಗತೈತಿ" ಎಂದ. ಪರದೆಯ ಮೇಲೆ ಎರಡು ಕೋಳಿ, ಕೋಲು, ಬುಟ್ಟಿ. ಹಸನಬೀ ಪರದೆಯನ್ನು ಬೆರಳಿನಿಂದ ಮುಟ್ಟಿದಳು.

ನಮ್ಮಪ್ಪ ದನದ ವ್ಯಾಪಾರ ಮಾಡಿದವನು. ಕುಕನೂರು ಸಂತೆಯಲ್ಲಿ ಅವನ ಪದ್ಧತಿ ಒಂದಿತ್ತು. ಕೊಳ್ಳುವವನ ಕೈಗೆ ಎತ್ತಿನ ಹಗ್ಗ ಕೊಡುವ ಮುಂಚೆ, ಅದರ ಐಬು ಅಂದರೆ ಅದರಲ್ಲಿರುವ ಕುಂದನ್ನು ನಾಲ್ಕು ಜನರಿಗೆ ಕೇಳುವಂತೆ ಹೇಳುತ್ತಿದ್ದ. ಇದು ಹಾಯುತ್ತದೆ, ಇದು ನೀರಿಗೆ ಇಳಿಯುವುದಿಲ್ಲ, ಇದನ್ನು ಬಲಕ್ಕೆ ಹೂಡಿದರೆ ಮಲಗಿಬಿಡುತ್ತದೆ. ಕೋಡು, ಹೆಗಲು, ಹಲ್ಲು ಕಣ್ಣಿಗೆ ಕಾಣುತ್ತವೆ, ಕಾಣದ್ದನ್ನು ಮಾರುವವನೇ ಹೇಳಬೇಕು. ನಾನು ಸಾಲೆಯಲ್ಲಿ ಕಲಿತದ್ದು ಕಡಿಮೆ, ಅವನಿಂದ ಇದೊಂದನ್ನು ಕಲಿತೆ. ಸೀಟು ಕವರ್ ಕೊಡುವಾಗ, "ಒಳಗ ಸ್ಪಂಜ್ ಹೊಸಾದು ಹಾಕಿಲ್ಲ, ಹಳೇದ ಐತಿ" ಎಂದು ಹೇಳಿಯೇ ಕೊಡುತ್ತೇನೆ.

ಹಾಗಾಗಿ ಶಾಹೀದನನ್ನು ಕೇಳಿದೆ. "ಏನೇನ ಐತಿ ಓದು."

"ಬಣ್ಣ ಹೊಸಾದು. ಹಾಡು ಹೊಸಾದು. ಸೇತುವೆ ಹೆಚ್ಚಿಗಿ ಮಾಡ್ಯಾರ. ಆಟಗಾರರು ಒಬ್ಬರು ಅಥವಾ ಇಬ್ಬರು ಅಂತ ಐತಿ."

"ಐಬು ಏನೈತಿ ಕೇಳು."

"ಯಾರನ್ನ ಕೇಳ್ಲಿ ಕಾಕಾ? ಈ ಅಂಗಡ್ಯಾಗ ಕೇಳಾಕ ಮನಷ್ಯಾ ಎಲ್ಲದಾನ?"

"ಇಬ್ರು ಅಂತ ಐತಲ್ಲ," ಹಸನಬೀ ಅಂದಳು. "ನಮಗ ಬೇಕಾಗಿದ್ದು ಅಷ್ಟ. ತಗೋ ಬೇಟಾ."

ಶಾಹೀದ ತನ್ನ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹೊಸ ಬಗೆಯ ಮಿಷನ್ನನ್ನೇ ತಂದ, ವಾಯರಿಲ್ಲದ ಎರಡು ರಿಮೋಟಿನ ಸಮೇತ. ಏನು ಕೊಡಲಿ ಎಂದು ಹಸನಬೀ ಕೇಳಿದ್ದಕ್ಕೆ, "ನಿಮ್ಮ ಕಡೆ ತಗೊಂಡ್ರ ನೀವು ಸ್ವಿಚ್ ಆರಸ್ತೀರಿ" ಎಂದ. ಬಹಳ ದಿನದ ಮೇಲೆ ಆಕೆ ನಕ್ಕಿದ್ದನ್ನು ನಾನು ಕಂಡೆ. ಆಟ ಇಳಿಸಿ, ಟಿವಿಗೆ ಹಚ್ಚಿ, ಎರಡೂ ರಿಮೋಟಿನ ದೀಪ ಹತ್ತಿದ್ದು ನೋಡಿ ಅವನು ಹೊರಟ. "ನಾ ಇದ್ರ ಮೆಹಜಬೀನಕ್ಕ ಮುಟ್ಟಂಗಿಲ್ಲ" ಎಂದು ಅವನಿಗೇ ತಿಳಿದಿತ್ತು.

ಆ ಮಧ್ಯಾಹ್ನ ನಾನು ಹೊಲಿಗೆ ಮಿಷನ್ನು ನಿಲ್ಲಿಸಿ ಸುಮ್ಮನೆ ಕೂತೆ. ಗೋಡೆಯಾಚೆ ಹಾಡು ಶುರುವಾಯಿತು. ಹಳೆಯ ಹಾಡಿನ ಧಾಟಿಯೇ, ಸ್ವಲ್ಪ ಮೆರುಗು ಹೆಚ್ಚು. ಹಸನಬೀ ಒಬ್ಬಳೇ ಆಡುತ್ತಿದ್ದಾಳೆ, ತತ್ತಿ ನೀರಿಗೆ ಬೀಳುವ ಸದ್ದು ಮೇಲಿಂದ ಮೇಲೆ ಬರುತ್ತಿದೆ. ಇನ್ನೊಂದು ಕೋಳಿ ಕದಲುವ ಮುಂಚೆ, ಮೊದಲ ಹೆಜ್ಜೆಗೇ ನುಗ್ಗಿ ಬೇಕೆಂದೇ ಬೀಳಿಸುತ್ತಿದ್ದಾಳೆ ಅನಿಸಿತು. ನಾನು ತಡೆಯಲಾರದೆ ಹೋಗಿ ಬಾಗಿಲಲ್ಲಿ ನಿಂತೆ. ನಾನು ತಡೆಯಲಾರದೆ ಹೋಗಿ ಬಾಗಿಲಲ್ಲಿ ನಿಂತೆ.

ಮೆಹಜಬೀನ ಗೋಡೆಗೆ ಒರಗಿದ್ದವಳು ನೆಟ್ಟಗಾದಳು. ಸರಿದು ತಾಯಿಯ ಎಡಕ್ಕೆ ಬಂದು ಕೂತಳು. ಅದು ಯಾವಾಗಲೂ ಆಕೆಯ ಜಾಗ. ರಿಮೋಟು ಎತ್ತಿಕೊಂಡಳು.

ಕೋಳಿಗಳು ನಡೆದವು. ಎರಡೂ ಕೂಡಿ ನಡೆದವು. ಬುಟ್ಟಿ ಅಲುಗದೆ ಸೇತುವೆ ದಾಟಿತು. ಹಸನಬೀ ನನ್ನತ್ತ ನೋಡಿದಳು, ಏನೂ ಹೇಳಬೇಡ ಎನ್ನುವಂತೆ. ನಾನೇಕೆ ಹೇಳಲಿ? ಮೆಹಜಬೀನಳ ಹೆಬ್ಬೆರಳು ಗುಂಡಿಯ ಮೇಲೆ ಆಡುತ್ತಿತ್ತು, ಕಣ್ಣು ಪರದೆಯ ಮೇಲಿತ್ತು, ತುಟಿಯ ಒಂದು ಮೂಲೆ ಅರಳಿದಂತಿತ್ತು. ಮುಂದಿನ ಸೇತುವೆ ಶುರುವಾಯಿತು. ಅದರ ನಡುವೆ ಆಕೆಯ ತಲೆಯ ಮೇಲಿನ ಓಡನಿ ಜಾರಿತು. ಸರಿಮಾಡಿಕೊಳ್ಳಲು ರಿಮೋಟಿನಿಂದ ಕೈ ತೆಗೆದಳು.

ಕೋಳಿ ನಿಲ್ಲಲಿಲ್ಲ.

ಆಕೆ ಓಡನಿ ಹಿಡಿದುಕೊಂಡೇ ನೋಡಿದಳು. ರಿಮೋಟನ್ನು ಚಾಪೆಯ ಮೇಲಿಟ್ಟಳು. ಅವಳ ಕೋಳಿ ತಾಯಿಯ ಕೋಳಿಗೆ ಸರಿಯಾಗಿ ಹೆಜ್ಜೆ ಹಾಕುತ್ತ ಹೋಗುತ್ತಲೇ ಇತ್ತು. ಹಸನಬೀ ಗಾಬರಿಯಾಗಿ ತಡವರಿಸಿದರೆ ಅದೂ ನಿಂತು ಕಾಯ್ದು, ಆಕೆ ಹೊರಟ ಮೇಲೆ ತಾನೂ ಹೊರಟಿತು.

"ಸುಳ್ಳಿಂದು," ಮೆಹಜಬೀನ ಅಂದಳು. ಅಷ್ಟು ದಿನದ ಮೇಲೆ ಬಂದ ಮೊದಲ ಮಾತು. "ನನಗೂ ಸುಳ್ಳಿಂದ ಕೊಟ್ಟಿ ಏನಮ್ಮಾ?"

"ಇಲ್ಲ ಬೇಟಾ. ಖುದಾನ ಆಣಿ, ನನಗ ಗೊತ್ತಿಲ್ಲ. ಇದು ಹ್ಯಾಂಗ..."

ಮೆಹಜಬೀನ ಗೋಡೆಯತ್ತ ತಿರುಗಿ ಮಲಗಿದಳು. ಹಾಡು ನಡೆಯುತ್ತಲೇ ಇತ್ತು. ನಾನೇ ಹೋಗಿ ಸ್ವಿಚ್ ಆರಿಸಿದೆ.

ಶಾಹೀದನನ್ನು ಅಂಗಡಿಯಿಂದ ಎಳೆದುಕೊಂಡು ಬಂದೆ. ಅವನು ಒಳಗೆಲ್ಲ ಹುಡುಕಿ ಮುಖ ಸಣ್ಣಗೆ ಮಾಡಿಕೊಂಡ. ಇಬ್ಬರು ಆಡಬಹುದು, ಆದರೆ ಇಬ್ಬರ ಮನೆಯಲ್ಲೂ ಒಂದೊಂದು ಮಿಷನ್ನು ಇರಬೇಕು, ಇಬ್ಬರೂ ಆಟ ಕೊಂಡಿರಬೇಕು, ನೆಟ್ಟಿನಲ್ಲಿ ಕೂಡಬೇಕು. ಒಂದೇ ಟಿವಿಯ ಮುಂದೆ ಕೂತವರಿಗೆ ಅದು ಒಬ್ಬರ ಆಟ. ಎರಡನೆಯ ಕೋಳಿಯನ್ನು ಕಂಪ್ಯೂಟರೇ ನಡೆಸುತ್ತದೆ.

"ಹಳೇ ಆಟದಾಗ ಇತ್ತಲ್ಲೋ."

"ಇತ್ತು ಕಾಕಾ. ಇದರಾಗ ತಗದಾರ."

"ತಗದೀವಿ ಅಂತ ಎಲ್ಲಿ ಬರದಾರ?"

"ಎಲ್ಲೂ ಬರದಿಲ್ಲ. ಇದ್ದದ್ದಷ್ಟ ಬರದಾರ."

ಹಸನಬೀ ಅದನ್ನೆಲ್ಲ ಮಗಳ ಬೆನ್ನಿಗೆ ಹೇಳಿದಳು. ತಮ್ಮ ಮನೆಮಾತಿನಲ್ಲಿ ಹೇಳಿದಳು, ಕನ್ನಡದಲ್ಲಿ ಹೇಳಿದಳು, ಅತ್ತು ಹೇಳಿದಳು. ಬೆನ್ನು ತಿರುಗಲಿಲ್ಲ. ಕೆಲವು ದಿನ ಕಳೆದು ಅಸ್ಲಮ ಬಂದಾಗ ಮೆಹಜಬೀನ ತಾನೇ ಚೀಲ ಹಿಡಿದು ಎದ್ದು ನಿಂತಳು. ಅಂದಿನಿಂದ ಹಸನಬೀ ವಾರವಾರ ಮರಳಿಗೆ ಹೋಗುತ್ತಾಳೆ. ಮಗಳು ನೀರು ಕೊಡುತ್ತಾಳೆ, ಊಟಕ್ಕೆ ಹಾಕುತ್ತಾಳೆ, ಒಳಗೆ ಹೋಗಿಬಿಡುತ್ತಾಳೆ. ಸಂಜೆಯ ಬಸ್ಸಿಗೆ ತಾಯಿ ತಿರುಗಿ ಬರುತ್ತಾಳೆ.

"ತಲಿ ಕೆಟ್ಟಾಕಿ ಅಂತ ತಿಳ್ಕೊಂಡು ಕೂಸಿಗೆ ಕೊಟ್ಟಂಗ ನನಗ ಕೊಟ್ಟಾಳ ನಮ್ಮವ್ವ, ಅಂತ ಕುಂತಾಳ," ಫಾಲ್ ಹಚ್ಚುತ್ತ ಹಸನಬೀ ಒಮ್ಮೆ ಹೇಳಿದಳು. "ಅದೊಂದು ಮಾತು ಆಕಿ ತಲ್ಯಾಗಿಂದ ಹೋದ್ರ ಸಾಕು ಬಸಣ್ಣ. ಮಾತಾಡದಿದ್ರೂ ನಡೀತೈತಿ. ನಾ ಆಕಿಗೆ ಮೋಸ ಮಾಡಿಲ್ಲ ಅಂತ ಗೊತ್ತಾದ್ರ ಸಾಕು."

ನಾನು ಆ ಆನ್‌ಲೈನ್ ಅಂಗಡಿಯನ್ನು ಬಿಡಬಾರದೆಂದು ಶಾಹೀದನ ಹತ್ತಿರ ಕೂತೆ. ನಾನು ಹೇಳುವುದು, ಅವನು ಬರೆಯುವುದು.

"ನಿಮ್ಮ ಮನಿ ಹಾಳಾಗ್ಲಿ ಅಂತ ಬರಿ."

"ನಮಗೆ ಬೇಸರವಾಗಿದೆ ಅಂತ ಬರದೀನಿ."

"ನನಗ ಬ್ಯಾಸರಾಗಿಲ್ಲೋ, ಸಿಟ್ಟು ಬಂದೈತಿ."

"ಸಿಟ್ಟಿಂದು ಬರದ್ರ ಅವರು ಓದಂಗಿಲ್ಲ ಕಾಕಾ."

"ಹಂಗಾರ ಇಷ್ಟು ಬರಿ. ಒಂದು ಸಾಲು ಹಾಕ್ರಿ. ಇದರಾಗ ಇಬ್ಬರು ಕೂಡಿ ಕುಂತು ಆಡಾಕ ಬರಂಗಿಲ್ಲ ಅಂತ ಒಂದ ಸಾಲು. ನಿಮ್ಮ ಅಪ್ಪನ ಗಂಟೇನು ಹೋಗತೈತಿ?"

ಗಂಟಿನ ಮಾತು ಬಿಟ್ಟು ಉಳಿದದ್ದನ್ನು ಬರೆದ. ಅಂಗಡಿಯವರ ಉತ್ತರ ಬಂತು. ನಮ್ಮ ಪುಟದಲ್ಲಿ ಬರೆದಿರುವುದೆಲ್ಲ ಸರಿಯಾಗಿದೆ, ನಿಮಗೆ ತೃಪ್ತಿಯಾಗದಿದ್ದರೆ ಹಣ ವಾಪಸ್ ಕೊಡುತ್ತೇವೆ ಎಂದು. ಕೊಟ್ಟರು ಕೂಡ. ಹಸನಬೀ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಮತ್ತೆ ಬರೆಸಿದೆ. ಮತ್ತೆ ಅದೇ ಉತ್ತರ. ಶಾಹೀದ ಅದೇ ಆಟದ ಕೆಳಗೆ ಬೇರೆ ಬೇರೆ ದೇಶದವರು ಬರೆದ ತಕರಾರುಗಳನ್ನು ಓದಿ ಹೇಳುತ್ತಿದ್ದ. ಒಬ್ಬ ತಮ್ಮನ ಜೊತೆ ಆಡಲೆಂದು ಕೊಂಡಿದ್ದ, ಒಬ್ಬಳು ಗಂಡನ ಜೊತೆ. ಎಲ್ಲರೂ ಮೋಸಹೋದವರೇ. ನನ್ನ ಸಿಟ್ಟಿಗೆ ಜೊತೆ ಸಿಕ್ಕಿತು, ಅಷ್ಟೇ.

ಬೇಸಿಗೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಶಾಹೀದ ಮೊಬೈಲು ಹಿಡಿದು ಓಡಿ ಬಂದ. "ಕಾಕಾ, ಹಾಕ್ಯಾರ."

ಪುಟದಲ್ಲಿ ಹೊಸದೊಂದು ಜಾಗ ಮಾಡಿದ್ದರು. ಈ ಆಟದಲ್ಲಿ ಇಲ್ಲದಿರುವುದು ಎಂದು ಮೇಲೆ, ಕೆಳಗೆ ಸಣ್ಣ ಅಕ್ಷರ. ಶಾಹೀದ ಅದನ್ನು ಕನ್ನಡಕ್ಕೆ ತಿರುಗಿಸಿ ತೋರಿಸಿದ. ನಾನು ಅಕ್ಷರ ಕೂಡಿಸಿಕೊಂಡು ಓದಿದೆ. ಹಸನಬೀ ಸೀರೆ ಕೆಳಗಿಟ್ಟು ಎದ್ದಳು. "ನಡಿ ಬಸಣ್ಣ. ನಾ ಹೇಳಿದ್ರ ಆಕಿ ನಂಬೂದಿಲ್ಲ. ನೀನ ಓದಿ ಹೇಳು."

ಶಾಹೀದನ ಮೊಬೈಲನ್ನೇ ಕಿಸೆಯಲ್ಲಿಟ್ಟುಕೊಂಡು ತಾವರಗೇರಾ, ಕನಕಗಿರಿ ಮೇಲಿನ ಬಸ್ಸು ಹಿಡಿದು ಗಂಗಾವತಿಗೆ, ಅಲ್ಲಿಂದ ಮರಳಿಗೆ ಹೋದೆವು. ದಾರಿಯುದ್ದಕ್ಕೂ ಹಸನಬೀ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಕರಿ ನೆಲ ಮುಗಿದು ಗದ್ದೆ ಶುರುವಾದದ್ದನ್ನೂ ನೋಡಲಿಲ್ಲ.

ಮೆಹಜಬೀನ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಇಟ್ಟು ಓಡನಿ ಎಳೆದುಕೊಂಡು, ತಲೆಯಾಡಿಸಿಯೇ ಬರ್ರಿ ಎಂದಳು. ಮುಖ ಬತ್ತಿಹೋಗಿತ್ತು. ನಾನು ಮೊಬೈಲು ತೆಗೆದು ಓದಲು ಹೊರಟೆ. ಎರಡು ಅಕ್ಷರಕ್ಕೇ ಕಣ್ಣು ಮಂಜಾಯಿತು. ಆಕೆ ಕೈ ಚಾಚಿ ತಾನೇ ಇಸಿದುಕೊಂಡಳು. ಎಸ್ಸೆಸ್ಸೆಲ್ಸಿ ಓದಿದವಳು, ಸ್ಪಷ್ಟವಾಗಿ ಓದಿದಳು.

"ಒಂದೇ ಪರದೆಯಲ್ಲಿ ಇಬ್ಬರು ಆಡುವ ಸೌಲಭ್ಯ ಇದರಲ್ಲಿ ಇಲ್ಲ. ಎರಡನೆಯ ಕೋಳಿಯನ್ನು ಕಂಪ್ಯೂಟರ್ ನಡೆಸುತ್ತದೆ."

"ನೋಡಿದಿ ಬೇಟಾ?" ಹಸನಬೀ ಮುಂದೆ ಸರಿದಳು. "ನಾ ಸುಳ್ಳಿಂದು ಕೊಟ್ಟಿಲ್ಲ. ಅವರು ಹೇಳಲಾರದ ಮಾರಿದ್ರು. ಬಸಣ್ಣ ಜಗಳಾಡಿ ಬರಸ್ಯಾನ."

ಮೆಹಜಬೀನ ಮೊಬೈಲು ನನ್ನ ಕೈಗೆ ಕೊಟ್ಟಳು. ತಾಯಿಯ ಮುಂದೆ ನೆಲದ ಮೇಲೆ ಕೂತಳು. ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಮಾತಾಡಿದಳು.

"ನನಗ ಗೊತ್ತಿತ್ತಮ್ಮಾ. ರಿಮೋಟಿನ ದೀಪ ಹತ್ತಿತ್ತು. ನೀ ಅಂಥಾಕಿ ಅಲ್ಲಂತ ಅವತ್ತ ಗೊತ್ತಿತ್ತು."

"ಮತ್ತ ಯಾಕ ಬೇಟಾ, ಇಷ್ಟು ದಿನ..."

"ಒಂದ ಸೇತುವೆ ದಾಟೂತನಕ ನಾನ ಹೊತ್ತೀನಿ ಅಂತ ತಿಳಿದಿದ್ದೆ. ಎಷ್ಟ ಖುಷಿ ಆಗಿತ್ತಮ್ಮಾ. ಆಮ್ಯಾಲೆ ನಾ ಕೈ ಬಿಟ್ರೂ ಅದು ಹೊಂಟಿತು." ಓಡನಿಯ ಅಂಚನ್ನು ಬೆರಳಿಗೆ ಸುತ್ತಿದಳು. "ಅವನೂ ಹಿಂಗ ಕುಂತು ಒತ್ತತಿದ್ದ. ನಾನ ಅವನ ಕೈಯಾಗ ಆ ಸುಳ್ಳಿಂದು ಕೊಡತಿದ್ದೆ. ಒಂದ ಸಲಾ ನಂದು ಕೊಡಬಹುದಿತ್ತು. ತತ್ತಿ ಬಿದ್ರ ಬೀಳ್ತಿದ್ವು. ಬಿದ್ರ ಏನಾಗತಿತ್ತು?"

ಹಸನಬೀ ಎರಡೂ ಕೈಯನ್ನು ಮಗಳ ಮೊಳಕಾಲ ಮೇಲೆ ಇಟ್ಟಳು.

"ಅವಗ ತಿಳಿದಿತ್ತೋ ಏನೋ ಅನ್ನೂದ ಒಂದು ಕುಂತ್ರೂ ನಿಂತ್ರೂ ತಲಿ ತಿಂತೈತಿ," ಎಂದು ಮೆಹಜಬೀನ ನನ್ನತ್ತ ತಿರುಗಿದಳು. "ಮಾಮಾ, ನಿಮ್ಮ ಅಂಗಡಿಗೆ ಓಡಿ ಬರತಿದ್ದ. ನಿಮ್ಮ ಮುಂದ ಏನಂತಿದ್ದ?"

"ನಾ ಒಯ್ದೆ ಅಂತಿದ್ದವ್ವ."

"ನಕ್ಕೋಂತ?"

"ನಕ್ಕೋಂತ."

"ಬ್ಯಾರೆ ಏನರ ಅಂದಿದ್ನೇನು?"

ಒಮ್ಮೆ ಅಂದಿದ್ದ. ಕಡಿದ ವಾಯರನ್ನು ಚಾಪೆಯ ಕೆಳಗಿನಿಂದ ಎಳೆದುಕೊಂಡು, ರಿಮೋಟಿನ ಸಮೇತ ನನ್ನ ಅಂಗಡಿಗೆ ಬಂದು, ಆ ತುದಿಯನ್ನು ನನ್ನ ಮುಂದೆ ಹಿಡಿದು, "ಮುತ್ಯಾ, ಇದನ್ನ ಹೊಲಿ" ಅಂದಿದ್ದ. ಇದು ದಾರದಿಂದ ಹೊಲಿಯುವಂಥದ್ದಲ್ಲಪಾ ಅಂದೆ. ವಾಯರು ನೋಡಿದ, ನನ್ನ ಮುಖ ನೋಡಿದ, ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಹಾಡು ನಿಂತಿತು. ಅವನು ಓಡಿ ಬಂದು, ಮೊದಲಿನಷ್ಟೇ ಜೋರಾಗಿ, ನಾ ತತ್ತಿ ಒಯ್ದೆ ಅಂದ.

"ಇಲ್ಲವ್ವ," ನಾನು ಅಂದೆ. "ಬ್ಯಾರೆ ಏನೂ ಅಂದಿಲ್ಲ. ಅವಗ ತಿಳಿದಿರಲಿಲ್ಲ."

ಮೆಹಜಬೀನ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯನ್ನು ತಾಯಿಯ ತೊಡೆಯ ಮೇಲಿಟ್ಟಳು, ಅಳತೊಡಗಿದಳು. ಮಗ ಹೋದಂದಿನಿಂದ ಆಕೆ ಅತ್ತಿರಲಿಲ್ಲ. ಒಂದು ಕೋಳಿ ಬಂದು ಮೊರದ ಅಕ್ಕಿ ಹೆಕ್ಕುತ್ತಿತ್ತು, ಯಾರೂ ಓಡಿಸಲಿಲ್ಲ.

ಸಂಜೆ ಬಸ್ಸಿನ ಹೊತ್ತಾದಾಗ, "ಅಮ್ಮ ಇವತ್ತ ಇಲ್ಲೇ ಇರ್ತಾಳ ಮಾಮಾ" ಎಂದಳು ಮೆಹಜಬೀನ. ಹಸನಬೀ ನನ್ನನ್ನು ಕಳಿಸಲು ರಸ್ತೆಯವರೆಗೆ ಬಂದಳು. "ಬಸಣ್ಣ, ನನ್ನ ಅಂಗಡಿ ಬೀಗ ನೋಡ್ಕೊಪಾ," ಅಂದಳು. ಹೂಂ ಅಂದೆ. ಇನ್ನೇನಾದರೂ ಹೇಳಿದರೆ ಆ ವಾಯರಿನ ಮಾತು ಬಾಯಿಗೆ ಬಂದುಬಿಡುತ್ತದೆಂದು ಹೆದರಿಕೆಯಾಗಿ, ಬಸ್ಸು ಪೂರಾ ನಿಲ್ಲುವ ಮೊದಲೇ ಹತ್ತಿದೆ.